ಆಚೆ ದಡದ ಕೈಮಾತು

ನನ್ನ ತಮ್ಮನಿಗೊಂದು ಕೆಟ್ಟ ಅಭ್ಯಾಸ. ಎಂಥ ದೊಡ್ಡ ಸುದ್ದಿಯಿದ್ದರೂ ಊಟದ ನಡುವೆಯೇ ಹೇಳುತ್ತಾನೆ. ಬಾಯಲ್ಲಿ ತುತ್ತಿರುವಾಗ ಅಕ್ಕ ಕೂಗಾಡಲಾರಳು ಎಂಬ ಧೈರ್ಯ ಇರಬೇಕು. ಅವತ್ತೂ ಹಾಗೇ, ತಟ್ಟೆಯಿಂದ ಮುಖ ಎತ್ತದೆ ಹೇಳಿದ.

"ಕಂಪನಿ ಮುಚ್ತಾರಂತೆ. ನನ್ನ ಪರ್ಮಿಟ್ಟು ಅವರ ಹೆಸರಲ್ಲೇ ಇರೋದು. ಬೇಸಿಗೆ ಮುಗಿಯೋದ್ರೊಳಗೆ ನಾವು ಮೂರೂ ಜನ ದೇಶ ಬಿಡ್ಬೇಕು."

ನಾನು ತುತ್ತು ನುಂಗಿಕೊಂಡು ಕೂಗಾಡಿದೆ. ಕಂಪನಿಯವರಿಗೆ ಬೈದೆ, ಈ ದೇಶಕ್ಕೆ ಬೈದೆ, ಇನ್ನಾರೂ ಸಿಗದೆ ತಮ್ಮನಿಗೂ ಬೈದೆ. ಅವನು ಲಿಫ್ಟ್ ರಿಪೇರಿಯವನು. ಎತ್ತರದ ಕಟ್ಟಡಗಳ ಕತ್ತಲೆ ಬಾವಿಗಳಲ್ಲಿ ಹಗ್ಗ ಕಟ್ಟಿಕೊಂಡು ನೇತಾಡಿದವನಿಗೆ ಈ ಮಾತು ಹೇಳಲು ಊಟದ ತಟ್ಟೆಯ ಮರೆ ಬೇಕಾಗಿತ್ತು. ಮೂರೂ ಜನ ಎಂದರೆ ಅವನು, ಅವನ ಹೆಂಡತಿ, ಮಗಳು. ನನ್ನದು ಬೇರೆ ಲೆಕ್ಕ. ಗಂಡ ಸತ್ತ ಮೇಲೆ ನಾನು ಇವರೆಲ್ಲರಿಗಿಂತ ಮೊದಲೇ ಇಲ್ಲಿಗೆ ಬಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಇಲ್ಲೇ ಉಳಿಯಲು ಬೇಕಾದ ಕಾಯಂ ಕಾಗದಕ್ಕೂ ಅರ್ಜಿ ಹಾಕಿದ್ದೆ. ಇವರನ್ನು ಕರೆಸಿಕೊಂಡವಳೂ ನಾನೇ, ಅದೂ ಆ ಮಗುವಿಗೋಸ್ಕರ.

ಮಗುವಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಊರಲ್ಲಿದ್ದಾಗ ಅಕ್ಕಪಕ್ಕದವರೆಲ್ಲ ಅವಳನ್ನು ಮೂಗಿ ಎಂದೇ ಕರೆಯುತ್ತಿದ್ದರು. ನಮ್ಮಮ್ಮ ಯಾರ್ಯಾರದೋ ಮಾತು ಕೇಳಿ ಅದರ ನಾಲಿಗೆಗೆ ಬೇರು ತಿಕ್ಕಿಸಿ ಹುಣ್ಣು ಮಾಡಿಸಿದ್ದಳು. ಇಲ್ಲಿ ನದಿಯ ಪಕ್ಕದಲ್ಲೇ ಇಂಥ ಮಕ್ಕಳಿಗೊಂದು ಶಾಲೆಯಿತ್ತು. ಬಂದ ಹೊಸತರಲ್ಲಿ ಅಮ್ಮನ ಸೆರಗು ಬಿಡದ ಮಗು, ವರ್ಷ ತಿರುಗುವುದರಲ್ಲಿ ಎರಡೂ ಕೈ ಎತ್ತಿ ಮಾತು ಶುರು ಮಾಡಿತು ನೋಡಿ, ಆಮೇಲೆ ನಿಲ್ಲಿಸಿದ್ದೇ ಇಲ್ಲ. ಊಟ ಮಾಡುತ್ತಾ ಮಾತು, ಹಲ್ಲುಜ್ಜುತ್ತಾ ಮಾತು. ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಎರಡೂ ಕೈಯಲ್ಲಿ ಹಿಂದಿನ ದಿನದ ಜಗಳ ವರದಿ ಮಾಡುತ್ತಿದ್ದಳು. ಸ್ನಾನಕ್ಕೆ ಕೂರಿಸಿದರೆ ಸೋಪಿನ ನೊರೆಯೆಲ್ಲ ಗೋಡೆಗೆ. ನಾನು ಅವಳಿಗೆ ವಟವಟಿ ಎಂದು ಹೆಸರಿಟ್ಟೆ.

ಅವಳೂ ನನಗೊಂದು ಹೆಸರಿಟ್ಟಳು. ಆ ಶಾಲೆಯ ಮಕ್ಕಳು ಎಲ್ಲರಿಗೂ ಕೈಯಲ್ಲೇ ಒಂದು ಹೆಸರು ಕಟ್ಟುತ್ತಾರೆ. ಎರಡು ಬೆರಳಿನಿಂದ ಮೂಗಿನ ತುದಿಯನ್ನು ಟಪಟಪ ಎಂದು ತಟ್ಟಿದರೆ ಅದು ಅತ್ತೆ, ಅಂದರೆ ನಾನು. ಸಿಟ್ಟು ಬಂದಾಗ ನನ್ನ ಮೂಗು ಅರಳುತ್ತದಂತೆ. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ನಿನ್ನ ಕೋಪ ಮೂಗಿನ ತುದೀಲಿದೆ ಅಂತ ಮಗೂಗೂ ಗೊತ್ತಾಗೋಯ್ತು ಬಿಡು."

ಮನೆಯಲ್ಲಿ ಅವಳ ಜೊತೆ ಸರಿಯಾಗಿ ಮಾತಾಡಲು ಬರುತ್ತಿದ್ದುದು ನನಗೊಬ್ಬಳಿಗೇ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಲಾಂಡ್ರಿಯಲ್ಲಿ ಯಂತ್ರಗಳ ಗದ್ದಲಕ್ಕೆ ಪಕ್ಕದವರು ಕಿರುಚಿದರೂ ಕೇಳುವುದಿಲ್ಲ. ಅಲ್ಲಿ ಇಸ್ತ್ರಿ ಹಾಕುವವಳು ಇದೇ ದೇಶದ ಹೆಂಗಸು, ಕಿವುಡಿ. ನಾನವಳನ್ನು ಇಸ್ತ್ರಿ ಅಕ್ಕ ಎನ್ನುತ್ತೇನೆ. ಕಿವಿಯಿರುವ ನಾವೆಲ್ಲ ಅಲ್ಲಿ ಮೂಕರ ಹಾಗೆ ನಿಂತಿದ್ದರೆ ಅವಳೊಬ್ಬಳು ಆ ತುದಿಯಿಂದ ಈ ತುದಿಗೆ ಕೈಯಲ್ಲೇ ಹರಟುತ್ತಿದ್ದಳು. ಹಾಸಿಗೆ ಬಟ್ಟೆ ಮಡಚುತ್ತಾ ಮಡಚುತ್ತಾ ಅವಳಿಂದ ಕಲಿತೆ. ತಮ್ಮನಿಗೆ ಓವರ್‌ಟೈಮು, ಅವನ ಹೆಂಡತಿಗೆ ಎರಡು ಕಡೆ ಕಸ ಗುಡಿಸುವ ಕೆಲಸ. ಅವರಿಗೆ ಅನ್ನ, ನೀರು, ಬಾ, ಬೇಡ ಇಷ್ಟು ಬರುತ್ತಿತ್ತು. ಇನ್ನೊಂದು ಬರುತ್ತಿತ್ತು: ಆಮೇಲೆ. ಬೆರಳನ್ನು ಮುಂದಕ್ಕೆ ಬಾಗಿಸುವ ಆ 'ಆಮೇಲೆ'ಯನ್ನು ತಮ್ಮನ ಹೆಂಡತಿ ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ಅಷ್ಟು ಅಭ್ಯಾಸವಾಗಿತ್ತು ಅವಳಿಗೆ.

ಆ ಊಟದ ಮೇಜಿನಲ್ಲೂ ಮಗು ಕೇಳಿತು. "ಏನು? ಏನು ಹೇಳಿದ ಅಪ್ಪ?"

"ಆಮೇಲೆ," ಅಂದಳು ಅಮ್ಮ. "ಊಟ ಮಾಡು."

ಮುಂದಿನ ದಿನಗಳಲ್ಲಿ ಆ ಮೇಜಿನ ಮೇಲೆ ಎರಡು ದೇಶಗಳನ್ನು ತೂಗಿದ್ದೇ ತೂಗಿದ್ದು. ಊರಿಗೆ ಹಿಂದಿರುಗುವ ಮಾತನ್ನು ಯಾರೂ ಎತ್ತಲಿಲ್ಲ, ಆ ಬೇರಿನ ಹುಣ್ಣು ಎಲ್ಲರಿಗೂ ನೆನಪಿತ್ತು. ಉಳಿದದ್ದು ಆಚೆ ದಡ. ಇಲ್ಲಿ ನಾವಿರುವ ಊರಿನ ಅಂಚಿಗೆ ಅಗಲವಾದ ನದಿ, ಅದರ ಮೇಲೊಂದು ಸೇತುವೆ, ಸೇತುವೆ ದಾಟಿದರೆ ಬೇರೆ ದೇಶ. ಲಾಂಡ್ರಿಯ ಮಾಳಿಗೆಯಿಂದ ನೋಡಿದರೆ ಅಲ್ಲಿನ ಜನರು ಒಣಹಾಕಿದ ಬಟ್ಟೆ ಕಾಣುತ್ತದೆ. ಆ ದೇಶಕ್ಕೆ ಲಿಫ್ಟ್ ರಿಪೇರಿಯವರು ಬೇಕಾಗಿದ್ದರು. ಹೋದ ಕೂಡಲೇ ಇಡೀ ಸಂಸಾರಕ್ಕೆ ಕಾಯಂ ಕಾಗದ ಕೊಡುತ್ತಿದ್ದರು. ಆದರೆ ಅದನ್ನು ತೆಗೆದುಕೊಂಡವರಿಗೆ ಈಚೆ ದಡದ ಬಾಗಿಲು ಮುಚ್ಚಿದ ಹಾಗೆಯೇ. ನೆಂಟರಾಗಿ ಬಂದು ಹೋಗಬಹುದು, ಇರುವ ಹಾಗಿಲ್ಲ, ಇಲ್ಲಿನ ಶಾಲೆಯೂ ಇಲ್ಲ.

"ಸಂಬಳ ಸ್ವಲ್ಪ ಕಮ್ಮಿ," ಅಂದ ತಮ್ಮ.

"ಮನೆ ದೊಡ್ಡದು ಸಿಗುತ್ತಂತೆ," ಅಂದಳು ಅವನ ಹೆಂಡತಿ.

"ಚಳಿ ಇಲ್ಲಿಗಿಂತ ಜಾಸ್ತಿ ಏನಿಲ್ಲ. ನದಿ ಒಂದೇ ಅಲ್ವಾ?"

"ಕಿವುಡು ಮಕ್ಕಳ ಶಾಲೆ?"

"ಅಲ್ಲೂ ಇದೆ ಅಕ್ಕ, ವಿಚಾರಿಸಿದೀನಿ. ಇದಕ್ಕಿಂತ ದೊಡ್ಡದು. ಎಲ್ಲಕ್ಕಿಂತ ಮುಖ್ಯ, ಭಾಷೆ ಒಂದೇ. ಹೊಸದಾಗಿ ಏನೂ ಕಲೀಬೇಕಾಗಿಲ್ಲ. ಇಲ್ಲಿಗೆ ಬಂದಾಗ ಪಟ್ಟ ಪಾಡು ಇನ್ನೊಂದ್ಸಲ ಬೇಡಪ್ಪ."

ಅದು ನಿಜ. ಎರಡೂ ದಡದವರು ಆಡುವುದು ಒಂದೇ ಮಾತು, ರಾಗ ಸ್ವಲ್ಪ ಬೇರೆ ಅಷ್ಟೇ. ಆ ಮಾತು ಕಲಿಯಲು ನಾವು ಎಷ್ಟು ಜನರ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದೆವೆಂದರೆ, ಭಾಷೆ ಒಂದೇ ಎಂದ ಕೂಡಲೇ ದೊಡ್ಡವರು ಮೂವರಿಗೂ ಹೋದ ಜೀವ ಬಂದಂತಾಯಿತು. ಒಂದು ಬಸ್ಸಿನ ಪ್ರಯಾಣದಲ್ಲಿ ಮೂರು ಭಾಷೆ ಬದಲಾಗುವ ನಾಡಿನಿಂದ ಬಂದವರು ನಾವು. ಆದರೂ ಆ ಮನೆಯಲ್ಲಿ ಕಿವಿಯಿಲ್ಲದವಳ ಭಾಷೆ ಯಾವುದು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆಸಿದವಳು ಇಸ್ತ್ರಿ ಅಕ್ಕ. ತಮ್ಮ ಎಲ್ಲದಕ್ಕೂ ಸಹಿ ಹಾಕಿ, ಈಚೆಯ ಪರ್ಮಿಟ್ಟು ಒಪ್ಪಿಸಿ ಬಂದ ಮಾರನೆಯ ದಿನ ಅವಳಿಗೆ ಸುದ್ದಿ ಹೇಳಿದೆ. ಅವಳ ಕೈಯಲ್ಲಿದ್ದ ಇಸ್ತ್ರಿ ನಿಂತಿತು. ತಲೆದಿಂಬಿನ ಚೀಲದಿಂದ ಹೊಗೆ ಬರುವುದನ್ನೂ ಗಮನಿಸದೆ ಕೇಳಿದಳು.

"ಆಚೆ ದಡಕ್ಕಾ? ಅಲ್ಲಿನ ಕೈ ಬೇರೆ."

"ಬೇರೆ ಅಂದರೆ?"

"ಎಲ್ಲಾ ಬೇರೆ. ನೀರು ಬೇರೆ, ಅಮ್ಮ ಬೇರೆ, ಅಕ್ಷರವೂ ಬೇರೆ. ನಾವು ಒಂದು ಕೈಯಲ್ಲಿ ಅಕ್ಷರ ಬರೆದರೆ ಅವರು ಎರಡು ಕೈಯಲ್ಲಿ. ನನ್ನ ಅತ್ತಿಗೆ ಅಲ್ಲಿಯವಳು. ಅವಳೂ ಕಿವುಡಿ, ನಾನೂ ಕಿವುಡಿ. ಮದುವೆಯಲ್ಲಿ ಇಬ್ಬರೂ ಮುಖ ಮುಖ ನೋಡಿಕೊಂಡು ಕೂತಿದ್ದೆವು."

ನಾನು ಏಪ್ರನ್ ಬಿಚ್ಚುವ ವ್ಯವಧಾನವೂ ಇಲ್ಲದೆ ಮನೆಗೆ ಓಡಿದೆ. ತಮ್ಮ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಕೇಳಿ ಮೊದಲು ನಕ್ಕ. "ಕೈಸನ್ನೆಗೂ ದೇಶ ಇರುತ್ತಾ?" ಎಂದ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿದ.

"ಈಗ ಏನು ಮಾಡೋಕಾಗುತ್ತೆ ಅಕ್ಕ? ಇಲ್ಲಿ ನಮಗೆ ನಿಲ್ಲೋಕೆ ನೆಲ ಇಲ್ಲ. ಮಕ್ಕಳು ಬೇಗ ಕಲೀತಾರೆ. ನಾವು ಕಲೀಲಿಲ್ವಾ?"

ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಅದಕ್ಕೇ ಇನ್ನೂ ಸಿಟ್ಟು ಬಂತು.

ಅವರು ಹೊರಟ ದಿನ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಕಿವಿ ಇರುವವರಿಗೆ ಬಸ್ಸಿನ ಗಾಜು ಮುಚ್ಚಿದರೆ ಮಾತು ಮುಗಿಯಿತು. ಬಾಯಿ ಬಾಯಿ ಬಿಡುತ್ತಾರೆ, ಆಂ ಆಂ ಎನ್ನುತ್ತಾರೆ, ಕೊನೆಗೆ ಪೆದ್ದುಪೆದ್ದಾಗಿ ಕೈ ಬೀಸುತ್ತಾರೆ. ತಮ್ಮನೂ ಅವನ ಹೆಂಡತಿಯೂ ಅದನ್ನೇ ಮಾಡುತ್ತಿದ್ದರು. ವಟವಟಿಗೆ ಗಾಜು ಯಾವ ಲೆಕ್ಕ? ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ ಕೂತು ಮಾತಾಡಿದ್ದೇ ಮಾತಾಡಿದ್ದು. ಅವಳ ಶಾಲೆಯಲ್ಲಿ ನಾಟಕವಿತ್ತು, ಅದರಲ್ಲಿ ಅವಳು ನರಿ.

"ಅತ್ತೆ, ನನ್ನ ಬಾಲ ಹೊಲಿದಿಡು. ಉದ್ದ ಬೇಕು. ತುದಿ ಬಿಳಿ. ಮರೀಬೇಡ!"

ಬಸ್ಸು ಸೇತುವೆಯ ಮೇಲೆ ಚಿಕ್ಕದಾಗುವವರೆಗೂ ಅವಳ ಕೈ ಆಡುತ್ತಲೇ ಇತ್ತು. ಹೊಲಿದಿಡುತ್ತೇನೆ ಎಂದು ನಾನೂ ಕೈಯಾಡಿಸಿದೆ. ಹೊಸ ಶಾಲೆಯಲ್ಲೂ ನಾಟಕ ಇರುತ್ತದೆ ಎಂದು ಯಾರೋ ಅವಳಿಗೆ ಹೇಳಿರಬೇಕು ಎಂದುಕೊಂಡೆ.

ಆಮೇಲೆ ನಾನು ಆಚೆ ದಡಕ್ಕೆ ಹೋಗುವಂತಿರಲಿಲ್ಲ. ಕಾಯಂ ಕಾಗದದ ಅರ್ಜಿ ಹಾಕಿದವರು ಅದು ಕೈಗೆ ಬರುವ ತನಕ ದೇಶದ ಗಡಿ ದಾಟಬಾರದು, ದಾಟಿದರೆ ಅರ್ಜಿ ಕಸದ ಬುಟ್ಟಿಗೆ. ಹಾಗಾಗಿ ಮಾಳಿಗೆಯ ಮೇಲೆ ನಿಂತು ಆ ದಡ ನೋಡುವುದು, ಭಾನುವಾರ ಫೋನಿನ ಪರದೆಯಲ್ಲಿ ಮಗುವನ್ನು ನೋಡುವುದು, ಇಷ್ಟೇ. ಮೊದಮೊದಲು ಪರದೆ ತುಂಬಾ ಅವಳ ಕೈಗಳೇ. ಬರಬರುತ್ತಾ ಕೈ ಕೆಳಗಿಳಿದು ಮುಖ ಮಾತ್ರ ಉಳಿಯಿತು. ಚೆನ್ನಾಗಿದೀಯಾ ಎಂದರೆ ತಲೆಯಾಡಿಸುವಳು. ಊಟ ಆಯ್ತಾ ಎಂದರೂ ಅದೇ. ಬಾಲ ಆಯ್ತಾ ಎಂದು ಮಾತ್ರ ಆಗಾಗ ಕೇಳುವಳು, ಅದೂ ಎದೆಯ ಹತ್ತಿರ, ಪಕ್ಕದವರಿಗೆ ಕಾಣದ ಹಾಗೆ. ತಮ್ಮನ ಹೆಂಡತಿ ಫೋನು ಇಸಿದುಕೊಂಡು ಹೇಳುವಳು.

"ಈಗ ಎಷ್ಟು ಸಾಧು ಆಗಿದಾಳೆ ಗೊತ್ತಾ ಅಕ್ಕ? ತಂಟೆ ಇಲ್ಲ, ತಕರಾರಿಲ್ಲ. ಹೇಳಿದ ಕಡೆ ಕೂತಿರ್ತಾಳೆ."

ಲಾಂಡ್ರಿಯಲ್ಲಿ ಹರಿದು ಬಿಸಾಡಿದ ಕಂದು ಟವೆಲ್ಲೊಂದನ್ನು ಮನೆಗೆ ತಂದು, ಒಳಗೆ ಹಳೆ ಬಟ್ಟೆ ತುರುಕಿ, ತುದಿಗೆ ಬಿಳಿ ಹಾಸಿಗೆ ಬಟ್ಟೆಯ ಚೂರು ಹೊಲಿದೆ. ಹೊಲಿಗೆಯಲ್ಲಿ ನನ್ನ ಕೈ ಅಷ್ಟಕ್ಕಷ್ಟೇ. ಆದರೂ ನರಿಯ ಬಾಲದ ಹಾಗೆಯೇ ಕಾಣುತ್ತಿತ್ತು.

ಕಾಯಂ ಕಾಗದ ಬಂದದ್ದು ಚಳಿ ಇಳಿಯುವ ಹೊತ್ತಿಗೆ. ಜೊತೆಯವರು ಸಿಹಿ ಹಂಚು ಎಂದರು. ನಾನು ರಜೆ ಹಾಕಿ, ಬಾಲವನ್ನು ಚೀಲಕ್ಕೆ ತುರುಕಿಕೊಂಡು, ಸೇತುವೆಯ ಬಸ್ಸು ಹತ್ತಿದೆ.

ಮನೆ ನಿಜಕ್ಕೂ ದೊಡ್ಡದಿತ್ತು. ಮಗುವಿಗೇ ಒಂದು ಕೋಣೆ, ಕಿಟಕಿಯಿಂದ ನದಿ ಕಾಣುತ್ತದೆ. ವಟವಟಿ ಸೋಫಾದ ತುದಿಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ನಾನು ಮೂಗಿನ ತುದಿ ತಟ್ಟಿಕೊಂಡು "ಅತ್ತೆ ಬಂದಳು!" ಎಂದೆ. ಅವಳು ಎದ್ದು ಬಂದು ನನ್ನ ಸೊಂಟ ಅಪ್ಪಿಕೊಂಡಳು. ಕೈ ಎತ್ತುವ ಮೊದಲು ಅಮ್ಮನ ಮುಖ ನೋಡಿದಳು, ಎತ್ತಲಿಲ್ಲ. ಮತ್ತೆ ಹೋಗಿ ಕೈ ಕಟ್ಟಿ ಕೂತಳು.

"ಏನಿದು?" ಎಂದು ತಮ್ಮನ ಹೆಂಡತಿಯನ್ನು ಕೇಳಿದೆ.

"ಟೀಚರ್ ಹೇಳಿದಾರೆ ಅಕ್ಕ, ಒಳ್ಳೆಯವರೇ ಅವರು. ಹಳೇ ಕೈಮಾತು ಮನೇಲಿ ಆಡಿದ್ರೆ ಹೊಸದು ಹತ್ತಲ್ವಂತೆ. ಅದಕ್ಕೇ ಅವಳು ಹಳೇದು ಶುರು ಮಾಡಿದ್ರೆ ನಾನು ಕೈ ಕಟ್ಕೊ ಅಂತೀನಿ. ನಮ್ಮನ್ನೂ ಶಾಲೇಲಿ ಹಂಗೇ ಕೂರಿಸ್ತಿದ್ರಲ್ಲ."

ಹೌದು, ಕೂರಿಸುತ್ತಿದ್ದರು. ಕೈ ಕಟ್ಟು, ಬಾಯಿ ಮುಚ್ಚು. ಈ ಮಗುವಿಗೆ ಮೊದಲನೆಯದೊಂದೇ ಸಾಕಾಗಿತ್ತು.

"ಹೊಸದು ಹತ್ತಿದೆಯಾ?"

ಅವಳು ಗಂಡನ ಮುಖ ನೋಡಿದಳು. ತಮ್ಮ ಹೇಳಿದ. "ಇಲ್ಲ. ಪುಟ್ಟ ಮಕ್ಕಳ ಜೊತೆ ಕೂರಿಸಿದಾರೆ. ಅಲ್ಲೂ ಕೈ ಎತ್ತಲ್ವಂತೆ. ಕಲಿಯೋಕೆ ಮನಸ್ಸೇ ಮಾಡ್ತಿಲ್ಲ ಅಂತಾರೆ."

"ನೀವಿಬ್ರು?"

"ಕ್ಲಾಸು ಸಂಜೆ ಇರೋದು. ನಂಗೆ ಸಂಜೆ ಡ್ಯೂಟಿ. ಇವಳಿಗೆ ಗೋಡೌನಲ್ಲಿ ಕೆಲಸ."

ಅಂದರೆ ಗೊತ್ತಿದ್ದ ಮಾತು ಆಡುವ ಹಾಗಿಲ್ಲ, ಆಡಬೇಕಾದ ಮಾತು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಮಗುವನ್ನು ನಾನೇ ಕರೆದುಕೊಂಡು ಹೋಗುತ್ತೇನೆ, ನನ್ನ ಜೊತೆ ಇರಲಿ, ಹಳೆ ಶಾಲೆಗೇ ಹೋಗಲಿ ಎಂದೆ. ತಮ್ಮ ತಲೆ ತಗ್ಗಿಸಿಕೊಂಡೇ ಕೇಳಿಸಿಕೊಂಡ.

"ನಾನು ಕೇಳ್ದೆ ಇರ್ತೀನಾ ಅಕ್ಕ? ಸೇತುವೆ ಹತ್ರದ ಗಡಿ ಆಫೀಸಿಗೆ ಹೋಗಿದ್ದೆ. ರಜಕ್ಕೆ ಬರಬಹುದು, ಶಾಲೆಗೆ ಆಗಲ್ಲ ಅಂದ್ರು. ನಾವಾಗೇ ಬಿಟ್ಟು ಹೋದವರಂತೆ."

"ಹಾಗಾದ್ರೆ ನಾನೇ ಇಲ್ಲಿಗೆ ಬರ್ತೀನಿ."

"ಬಂದು ಯಾವ ಮಾತು ಆಡ್ತೀಯ ಅವಳ ಜೊತೆ?" ಎಂದ. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ. "ಲಿಫ್ಟಲ್ಲಿ ಜನ ಒಟ್ಟಿಗೆ ನಿಂತಿರ್ತಾರಲ್ಲ, ಯಾರೂ ಯಾರ ಜೊತೇನೂ ಮಾತಾಡಲ್ಲ, ನಂಬರ್ ನೋಡ್ತಿರ್ತಾರೆ. ನಮ್ಮನೆ ಹಂಗಾಗಿದೆ ಅಕ್ಕ."

ಅವನ ಕಣ್ಣು ತುಂಬಿತ್ತು. ನನಗೆ ಬೈಯಲು ಇನ್ನೇನೂ ಉಳಿದಿರಲಿಲ್ಲ. ಎದ್ದು ಮಗುವಿನ ಕೋಣೆಗೆ ಹೋದೆ, ಅವಳು ಹಿಂದೆಯೇ ಬಂದಳು. ಬಾಗಿಲು ಮುಂದಕ್ಕೆಳೆದು ಚೀಲದಿಂದ ಬಾಲ ತೆಗೆದೆ.

ಅವಳ ಮುಖ ಹೇಗೆ ಅರಳಿತು ಎಂದು ನಾನು ಹೇಳಲಾರೆ. ಬಾಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಸುತ್ತು ತಿರುಗಿದಳು. ಬಿಳಿಯ ತುದಿ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಆ ಕೈಗಳು ಬಿಚ್ಚಿಕೊಂಡವು. ನನ್ನನ್ನು ಹಿಂದೆ ಹಾಕಿ ಮುಂದೆ ಓಡುವ ನನ್ನ ಹಳೆಯ ವಟವಟಿ.

"ಬಸ್ಸು ಎಷ್ಟೊತ್ತಿಗೆ? ನನಗೆ ಗೊತ್ತಿತ್ತು ನೀನು ಬರ್ತೀಯ ಅಂತ. ಬಾಲ ಆದ ಮೇಲೆ ಬರ್ತೀಯ ಅಂತ. ನಾನು ಇಲ್ಲಿಯ ಕೈ ಒಂದೂ ಕಲಿತಿಲ್ಲ ಅತ್ತೆ. ಅವರು ದಿನಾ ಕಲಿಸೋಕೆ ಬರ್ತಾರೆ, ನಾನು ಕಲಿಯಲ್ಲ. ಕಲಿತರೆ ನನ್ನ ನರಿಯ ಮಾತು ಮರೆತುಹೋಗುತ್ತೆ. ನರಿಗೆ ಎಷ್ಟು ಮಾತಿದೆ ಗೊತ್ತಾ?"

ಎಂದವಳೇ ಕಪಾಟಿನ ಬಾಗಿಲು ತೆಗೆದು ಶಾಲೆಯ ಚೀಲವನ್ನು ಹೊರಗೆಳೆದಳು. ಅದರಲ್ಲಿ ಅವಳ ಬಟ್ಟೆ ಆಗಲೇ ಮಡಚಿಟ್ಟಿತ್ತು. ನಾನು ಲಾಂಡ್ರಿಯಲ್ಲಿ ಮಡಚುವ ಹಾಗೆ, ಅಂಚಿಗೆ ಅಂಚು ಕೂಡಿಸಿ. ಯಾವಾಗ ಮಡಚಿಟ್ಟಿದ್ದಳೋ, ಮೇಲಿನ ಅಂಗಿ ಅವಳಿಗೆ ಈಗ ಗಿಡ್ಡವಾಗಿತ್ತು.

ಆಗ ನನಗೆ ಅರ್ಥವಾಯಿತು. ಇಲ್ಲಿಗೆ ಬಂದದ್ದು ಇರಲಿಕ್ಕೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಂಬಳ, ಮನೆ, ಚಳಿ ಎಂದು ದಿನಗಟ್ಟಲೆ ಅವಳ ತಲೆಯ ಮೇಲೆಯೇ ಮಾತಾಡಿದೆವು. ತಮ್ಮ ತನ್ನ ಹೆಂಡತಿ ಹೇಳಿರುತ್ತಾಳೆ ಎಂದುಕೊಂಡ. ಅವಳು, ಕೈಮಾತು ಚೆನ್ನಾಗಿ ಬರುವುದು ಅಕ್ಕನಿಗೆ, ಅಕ್ಕ ಹೇಳಿರುತ್ತಾಳೆ ಎಂದುಕೊಂಡಳು. ನಾನು, ಹೆತ್ತವರು ಹೇಳದಿರುತ್ತಾರೆಯೇ ಎಂದುಕೊಂಡೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಯಾರು ಏನು ಹೇಳುತ್ತಾರೆ? ಕಿವಿಯಿರುವ ಮಕ್ಕಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ತಿಳಿದುಕೊಳ್ಳುತ್ತವೆ. ಇವಳು ಕಾಯುತ್ತಾ ಕೂತಿದ್ದಳು.

ಅವಳು ಎರಡೂ ಅಂಗೈ ಸೇರಿಸಿ ಸೂರಿನ ಹಾಗೆ ಮಾಡಿದಳು. ಮನೆ. ಆಮೇಲೆ ಕಿಟಕಿಯಾಚೆ ಸೇತುವೆಯ ಕಡೆ ಬೆರಳು ತೋರಿಸಿದಳು. "ಮನೆಗೆ ಯಾವಾಗ?"

ಬೆರಳು ಮುಂದಕ್ಕೆ ಬಾಗಿಸಿ 'ಆಮೇಲೆ' ಎಂದುಬಿಡಬಹುದಾಗಿತ್ತು. ಕೈ ಅಲ್ಲಿಗೇ ಹೋಗಿತ್ತು ಕೂಡ. ಆದರೆ ಆ ಒಂದು ಮಾತಿನ ಮೇಲೆ ಈ ಮಗು ಇಷ್ಟು ದಿನ ಬದುಕಿದೆ, ಇನ್ನೂ ಎಷ್ಟು ದಿನ ಬದುಕಬೇಕು? ಕಾಯುವಷ್ಟು ಕಾಲ ಅವಳು ಯಾವ ಮಾತನ್ನೂ ಕಲಿಯುವುದಿಲ್ಲ. ನಾನು ಸೂರು ಮಾಡಿ ತೋರಿಸಿದೆ. ಸೇತುವೆಯ ಕಡೆ ಅಲ್ಲ, ಕೆಳಗೆ, ಅವಳ ಕಾಲಿನ ಕೆಳಗಿನ ನೆಲಕ್ಕೆ ಬೆರಳು ತೋರಿಸಿದೆ.

"ಇದೇ ಮನೆ."

ಅವಳಿಗೆ ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ನಾಟಕ ಮುಗಿದುಹೋಯಿತು, ಬೇರೆ ಹುಡುಗಿ ನರಿಯಾದಳು, ನಿನಗೆ ಇನ್ನು ಆ ಶಾಲೆಯಿಲ್ಲ ಎಂದೆ. ಇಲ್ಲಿಯ ಕೈ ಕಲಿ, ನಾನೂ ಕಲಿಯುತ್ತೇನೆ ಎಂದೆ. ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು. ಮೊದಲನೆಯ ಸಲವೇ ಅರ್ಥವಾಗಿತ್ತು. ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಲ ಬಿಚ್ಚಿ, ಉದ್ದಕ್ಕೆ ನೀವಿ, ಎರಡಾಗಿ ಮಡಚಿ ನನ್ನ ಚೀಲಕ್ಕೆ ವಾಪಸು ಹಾಕಿದಳು. ಆಮೇಲೆ ಹಾಸಿಗೆಯ ಮೇಲೆ ಕೂತು ಕೈ ಕಟ್ಟಿಕೊಂಡಳು. ಈ ಸಲ ಅಮ್ಮ ಹೇಳಿರಲಿಲ್ಲ.

ಮಾರನೆಯ ದಿನ ಮೂವರೂ ನನ್ನನ್ನು ಬಸ್ಸು ಹತ್ತಿಸಲು ಬಂದರು. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಗಾಜು ಮುಚ್ಚಿತ್ತು. ತಮ್ಮ ಏನೋ ಹೇಳಿದ, ಕೇಳಿಸಲಿಲ್ಲ. ನಾನು ಮಗುವಿನ ಕಡೆ ತಿರುಗಿ ಎರಡೂ ಕೈ ಎತ್ತಿದೆ.

"ಮತ್ತೆ ಬರ್ತೀನಿ. ಇಲ್ಲಿಯ ಕೈ ಕಲಿತುಕೊಂಡೇ ಬರ್ತೀನಿ. ಏನಾದರೂ ಹೇಳು ವಟವಟಿ. ಬೈದರೂ ಸರಿ."

ಅವಳು ನನ್ನನ್ನು ನೋಡಿದಳು. ಅಮ್ಮನನ್ನು ನೋಡಿದಳು. ಅಮ್ಮ ಕೈ ಬೀಸುತ್ತಿದ್ದಳು. ಅವಳೂ ಬಲಗೈ ಎತ್ತಿ ಅತ್ತಿತ್ತ ಬೀಸಿದಳು, ಕಿವಿಯಿರುವವರು ಬೀಸುವ ಹಾಗೆ, ಬಸ್ಸು ಹೊರಡುವವರೆಗೂ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಬಾಗಿ ನೋಡಿ, "ನಿಮ್ಮ ಮಗೂನಾ? ಎಷ್ಟು ಸಾಧು," ಎಂದಳು.

ಹೌದು, ತುಂಬಾ ಸಾಧು ಎಂದೆ.